ಹಾಲಪ್ಪನ ಪಕ್ಕದ ಬಾಟಲಿ

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಬಡಿದಿಟ್ಟು, "ಇದನ್ನ ಐಸಿಯು ಬಾಗಿಲಲ್ಲಿ ನನ್ನ ಕೈಗೆ ತುರುಕಿ ಹೋದ್ರು ಮೇಡಂ," ಎಂದಳು.

ಕಾಗದ ಕಾಲೇಜಿನ ಶಿಸ್ತು ಸಮಿತಿಯದು. ಹಾಕಿ ಕ್ಲಬ್ಬಿನ ಆಟಗಾರನೊಬ್ಬ ಮಂಗಳವಾರ ಮುಂಜಾನೆ ಮದ್ಯಪಾನ ಮಾಡಿ ಮೈದಾನದ ಗ್ಯಾಲರಿ ಮೆಟ್ಟಿಲಿಂದ ಬಿದ್ದಿದ್ದಾನೆ, ಮದ್ಯದ ನಿಯಮ ಮುರಿದದ್ದಕ್ಕಾಗಿ ಅವನನ್ನು ಕ್ಲಬ್ಬಿನಿಂದಲೂ ಕಾಲೇಜಿನಿಂದಲೂ ವಜಾ ಮಾಡಲಾಗಿದೆ ಎಂಬ ಆದೇಶ. ತಲೆಗೆ ಪೆಟ್ಟು ಬಿದ್ದ ಹುಡುಗನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಪ್ರಜ್ಞೆ ಇಲ್ಲದವನ ವಿಚಾರಣೆಯನ್ನು ಅದೇ ಮಧ್ಯಾಹ್ನ ಮುಗಿಸಿ ಕೈ ತೊಳೆದುಕೊಂಡ ಸಮಿತಿಯ ಚುರುಕುತನ ನೋಡಿ ಇನ್‌ಸ್ಪೆಕ್ಟರ್‌ಗೆ ಮೈ ಉರಿಯಿತು. ಅವಳ ಠಾಣೆಯಲ್ಲಿ ಕಳುವಾದ ಸೈಕಲ್ಲಿನ ಕಡತಕ್ಕೂ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು.

"ನೀವು ಹುಡುಗನಿಗೆ ಏನಾಗಬೇಕು?"

"ಅಕ್ಕ. ಅಮ್ಮ ಹೋದ್ಮೇಲೆ ನಾನೇ ಸಾಕಿದ್ದು."

"ಕುಡೀತಿದ್ನಾ?"

"ಇಲ್ಲ."

"ಎಲ್ಲ ಅಕ್ಕಂದಿರೂ ಹಾಗೇ ಹೇಳ್ತಾರೆ."

"ಎಲ್ಲ ತಮ್ಮಂದಿರನ್ನೂ ಹಾಲಪ್ಪ ಅಂತ ಕರೀತಾರಾ? ಪಾರ್ಟೀಲಿ ಎಲ್ಲರೂ ಬಾಟಲಿ ಹಿಡಿದ್ರೆ ಇವನು ಹಾಲು ಹುಡುಕ್ತಾನೆ ಅಂತ ಕ್ಲಬ್ಬಿನ ಹುಡುಗರೇ ಇಟ್ಟ ಹೆಸರು ಅದು. ಹೋಗಿ ಕೇಳಿ." ಅವಳು ಮೇಜಿನ ಮೇಲಿನ ಕಾಗದವನ್ನು ದೂರ ತಳ್ಳಿದಳು. "ಇವತ್ತೋ ನಾಳೆಯೋ ಕಣ್ಣು ಬಿಡ್ತಾನೆ ಅಂತಿದಾರೆ ಡಾಕ್ಟ್ರು. ಕಣ್ಣು ಬಿಟ್ಟ ಕೂಡ್ಲೇ 'ನಿನ್ನನ್ನ ಕುಡುಕ ಅಂತ ಓಡಿಸಿದ್ರು ಕಣೋ' ಅಂತ ಹೇಳೋಕೆ ನನ್ನಿಂದ ಆಗಲ್ಲ. ಅಷ್ಟರೊಳಗೆ ನಿಜ ಏನು ಅಂತ ನಂಗೆ ಹುಡುಕಿ ಕೊಡಿ."

ಯಾರ ಮೇಲೆ ಅನುಮಾನ ಎಂದು ಕೇಳಿದರೆ, ಎಲ್ಲರ ಮೇಲೂ ಎಂದಳು. ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಅದನ್ನು ಬರೆದವನು ಹೆಡ್ ಕಾನ್‌ಸ್ಟೆಬಲ್. ಬಿಸಿಲಿದ್ದರೂ ಗೊಣಗುವ, ನೆರಳಿದ್ದರೂ ಗೊಣಗುವ ಅವನನ್ನು ಠಾಣೆಯಲ್ಲಿ ಗೊಣಗಪ್ಪ ಎಂದೇ ಕರೆಯುತ್ತಿದ್ದರು. "ಕುಡಿದು ಬಿದ್ದವರಿಗೆಲ್ಲ ಎಫ್‌ಐಆರ್ ಬರೆಯೋಕೆ ಕೂತ್ರೆ ನನ್ನ ಬೆರಳು ಸವೆದು ಹೋಗುತ್ತೆ," ಎಂದು ಅವನು ಜೀಪು ಹತ್ತುವಾಗಲೂ ಗೊಣಗಿದ.

ಆಸ್ಪತ್ರೆಯಲ್ಲಿ ಅವನ ಲೆಕ್ಕ ತಪ್ಪಿತು. ಹುಡುಗನ ಅಂಗಿ ಒದ್ದೆಯಾಗಿತ್ತು, ಬಿಯರಿನ ವಾಸನೆ ಗಮ್ಮೆನ್ನುತ್ತಿತ್ತು, ನಿಜ ಎಂದಳು ಡಾಕ್ಟರ್. ಆದರೆ ದಾಖಲು ಮಾಡಿಕೊಂಡಾಗಲೇ ತೆಗೆದ ರಕ್ತದಲ್ಲಿ ಮದ್ಯದ ಸುಳಿವೇ ಇರಲಿಲ್ಲ. ವರದಿ ಆಗಲೇ ಕಾಲೇಜಿಗೂ ಹೋಗಿತ್ತು, ಅಲ್ಲಿ ಯಾರೂ ಅದನ್ನು ಬಿಡಿಸಿರಲಿಲ್ಲ.

"ಅಂದ್ರೆ ಅಂಗಿ ಕುಡಿದಿದೆ, ಹುಡುಗ ಕುಡಿದಿಲ್ಲ," ಎಂದ ಗೊಣಗಪ್ಪ.

ಡಾಕ್ಟರ್ ನಗಲಿಲ್ಲ. ಹುಡುಗನ ಎರಡೂ ಭುಜದ ಮೇಲಿದ್ದ ಕೆಂಪು ಪಟ್ಟೆಗಳನ್ನು ತೋರಿಸಿದಳು. ಭಾರದ ಚೀಲ ಹೊತ್ತಾಗ ಪಟ್ಟಿ ಒತ್ತಿ ಆಗುವ ಗಾಯ ಅದು. ಇನ್ನೊಂದು ಮಾತನ್ನೂ ಹೇಳಿದಳು. ಆಂಬುಲೆನ್ಸಿಗೆ ಕರೆ ಬಂದದ್ದು ಆರು ಐವತ್ತಕ್ಕೆ. ಗಾಯದ ರಕ್ತ ಹೆಪ್ಪುಗಟ್ಟಿದ ರೀತಿ ನೋಡಿದರೆ ಅವನು ಅದಕ್ಕೂ ಬಹಳ ಮೊದಲೇ ಬಿದ್ದಿದ್ದ.

"ಬೇಗ ತಂದಿದ್ರೆ?" ಎಂದಳು ಇನ್‌ಸ್ಪೆಕ್ಟರ್.

"ಇವತ್ತು ನಿಮ್ಮ ಜೊತೆ ಅವನೇ ಮಾತಾಡ್ತಿದ್ದ."

ಇನ್‌ಸ್ಪೆಕ್ಟರ್ ಗಾಜಿನಾಚೆ ನೋಡಿದಳು. ಅಕ್ಕ ಆಗಲೇ ಬಂದು ಹಾಸಿಗೆಯ ಪಕ್ಕ ನಿಂತಿದ್ದಳು, ಇಲ್ಲಿಯೂ ಕೂತಿರಲಿಲ್ಲ.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಪೊಲೀಸರನ್ನು ನಿಲ್ಲಿಸಿಯೇ ಮಾತಾಡಿಸಿದರು. "ಇದು ನಮ್ಮ ಒಳಗಿನ ಶಿಸ್ತಿನ ವಿಷಯ. ನಿಮಗೇನು ಕೆಲಸ ಇಲ್ಲಿ?"

"ಹುಡುಗ ಐಸಿಯುನಲ್ಲಿದ್ದಾನೆ. ಅದು ನಿಮ್ಮ ಒಳಗಲ್ಲ. ಬಾಟಲಿ ಸಿಕ್ತು ಅಂತ ಆದೇಶದಲ್ಲಿ ಬರೆದಿದ್ದೀರಿ. ಎಲ್ಲಿದೆ?"

"ಅದು ಸಮಿತಿಯ ಸಾಕ್ಷ್ಯ. ಕೊಡೋಕೆ ಬರಲ್ಲ."

"ಕೊಡದಿದ್ರೆ ಸಾಕ್ಷ್ಯ ಬಚ್ಚಿಟ್ಟವರು ಅಂತ ನಿಮ್ಮ ಹೆಸರನ್ನೇ ಮೊದಲು ಬರೀತೀನಿ."

ಪ್ರಿನ್ಸಿಪಾಲರ ಮುಖ ಹುಳ್ಳಗಾಯಿತು. ಬೀರುವಿನಿಂದ ಪೊಟ್ಟಣವೊಂದು ಹೊರಬಂತು. ಪತ್ರಿಕೆಯ ಹಾಳೆ, ಅದರ ಮೇಲೆ ದಾರ, ದಾರದ ಮೇಲೆ ಅರಗಿನ ಮುದ್ರೆ. ಆಂಬುಲೆನ್ಸ್ ಕರೆದವರೂ ಕ್ಲಬ್ಬಿನ ಕೋಚ್, ಹುಡುಗನ ಪಕ್ಕದಲ್ಲಿ ಬಾಟಲಿ ಕಂಡವರೂ ಕೋಚ್, ಸುತ್ತಿ ಸೀಲು ಹಾಕಿದವರೂ ಕೋಚ್. ಕಚೇರಿಯ ಇಬ್ಬರು ಗುಮಾಸ್ತರನ್ನು ಪಂಚ ಸಾಕ್ಷಿಗಳಾಗಿ ನಿಲ್ಲಿಸಿಕೊಂಡು ಇನ್‌ಸ್ಪೆಕ್ಟರ್ ಮುದ್ರೆ ಒಡೆದಳು, ಗೊಣಗಪ್ಪ ಪಂಚನಾಮೆ ಬರೆಯತೊಡಗಿದ. ಕಾಗದದಿಂದ ಹೊರಬಂದದ್ದು ಹಸಿರು ಬಣ್ಣದ ಬಿಯರ್ ಬಾಟಲಿ. ಅದಕ್ಕೆ ಅಂಟಿಸಿದ ಚೀಟಿಯ ಮೇಲೆ ದೊಡ್ಡದಾಗಿ ಕಂಪನಿಯ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ 'ಆಲ್ಕೋಹಾಲ್ ರಹಿತ'. ಅದನ್ನು ಓದಿ ಗೊಣಗಪ್ಪನ ಪೆನ್ನು ನಿಂತಿತು.

"ಇದು ಬಿಯರ್ ತಾನೇ?" ಎಂದರು ಪ್ರಿನ್ಸಿಪಾಲರು.

"ಬಿಯರಿನ ತಮ್ಮ ಸರ್. ವಾಸನೆ ಅಣ್ಣಂದೇ. ಎಷ್ಟು ಕುಡಿದ್ರೂ ಹೊಟ್ಟೆ ಉಬ್ಬುತ್ತೆ, ತಲೆ ಏರಲ್ಲ. ಇದಕ್ಕೆ ಹುಡುಗನ್ನ ವಜಾ ಮಾಡಿದ್ರಾ?" ಎಂದ ಗೊಣಗಪ್ಪ.

"ಸೀಲು ಹಾಕಿತ್ತಲ್ಲ, ನಾವು ನೋಡೋದು ಹೇಗೆ?"

"ನೋಡದೇ ಸಹಿ ಹಾಕಿದ್ರಿ," ಎಂದಳು ಇನ್‌ಸ್ಪೆಕ್ಟರ್. ಅಲ್ಲಿ ನಿಂತಷ್ಟು ಹೊತ್ತೂ ಅವಳಿಗೆ ಆ ಕೋಣೆಯ ಫಿನಾಯಿಲ್ ವಾಸನೆ ಬಿಯರಿಗಿಂತ ಅಸಹ್ಯವಾಗಿತ್ತು. ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿದಳು. "ಈ ಗ್ಯಾಲರಿಯಲ್ಲಿ ಇದಕ್ಕೆ ಮೊದಲು ಯಾರಾದ್ರೂ ಬಿದ್ದಿದ್ರಾ?"

ಪ್ರಿನ್ಸಿಪಾಲರು ಕಿಟಕಿಯ ಕಡೆ ತಿರುಗಿದರು. ಹೋದ ವರ್ಷ ಒಬ್ಬನ ಕಾಲು ಮುರಿದಿತ್ತು. ಇನ್ನೊಬ್ಬನ ಮೂಳೆ ಮುರಿದರೆ ನಿಮ್ಮ ನಿಯಮವೂ ಇರಲ್ಲ, ನೀವೂ ಇರಲ್ಲ ಎಂದು ಕೋಚ್‌ಗೆ ಆಗಲೇ ಹೇಳಿದ್ದರಂತೆ. ಯಾವ ನಿಯಮ ಎಂದು ಅವರು ಬಿಡಿಸಿ ಹೇಳಲಿಲ್ಲ.

ಹೇಳಿದವನು ಕ್ಲಬ್ಬಿನ ಕ್ಯಾಪ್ಟನ್. ಅವನು ಬಟ್ಟೆ ಬದಲಾಯಿಸುವ ಕೋಣೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಬೆವರು, ಒದ್ದೆ ಸಾಕ್ಸು, ನೋವಿನ ಮುಲಾಮು ಎಲ್ಲ ಸೇರಿ ಕೋಣೆ ನಾರುತ್ತಿತ್ತು.

"ವಕೀಲರಿಲ್ದೆ ಮಾತಾಡಲ್ಲ," ಎಂದ.

"ಮಾತಾಡಬೇಡ. ಇದನ್ನ ನೋಡು ಅಷ್ಟೇ." ಇನ್‌ಸ್ಪೆಕ್ಟರ್ ಬಾಟಲಿಯನ್ನು ಬೆಂಚಿನ ಮೇಲಿಟ್ಟಳು.

ಅವನು ಮೂಗು ಮುರಿದ. "ಹಾಲಪ್ಪನ ಪಕ್ಕ ಸಿಕ್ಕಿದ್ದು ಇದಾ? ಇದ್ರಲ್ಲಿ ಏನೂ ಇಲ್ಲ ಮೇಡಂ, ಬಾರ್ಲಿ ನೀರು."

"ಕ್ಲಬ್ಬಲ್ಲಿ ಎಲ್ಲರಿಗೂ ಗೊತ್ತಾ ಅದು?"

"ಮೊದಲ ವರ್ಷದವರಿಗೂ ಗೊತ್ತು. ಹಾಸ್ಟೆಲ್ ಫ್ರಿಜ್ಜಲ್ಲಿ ಇದನ್ನ ಮುಂದಿಟ್ಟು ಅಸಲಿ ಮಾಲು ಹಿಂದೆ..." ಎಂದವನು ನಾಲಿಗೆ ಕಚ್ಚಿಕೊಂಡ.

ಬಾಯಿ ಒಮ್ಮೆ ಜಾರಿದ ಮೇಲೆ ಉಳಿದದ್ದನ್ನು ಹೊರಡಿಸುವುದು ಕಷ್ಟವಾಗಲಿಲ್ಲ. ಶನಿವಾರ ಪಂದ್ಯ ಗೆದ್ದ ಖುಷಿಗೆ ಅವನೂ ಇನ್ನು ಕೆಲವರೂ ಕುಡಿದಿದ್ದರು, ಅದು ಕೋಚ್ ಕಿವಿಗೆ ಬಿದ್ದಿತ್ತು. ಒಬ್ಬ ಕುಡಿದರೂ ತಂಡಕ್ಕೆಲ್ಲ ಶಿಕ್ಷೆ, ಇದು ಕೋಚ್ ಮಾಡಿದ ನಿಯಮ. ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು ಬೆಳಗಾಗುವಾಗ ಗ್ಯಾಲರಿ ಹತ್ತಿ ಇಳಿಯಬೇಕು. ಮಂಗಳವಾರ ಅವರನ್ನು ಓಡಲು ಬಿಟ್ಟು ಕೋಚ್ ತಮ್ಮ ಕೋಣೆಗೆ ಹೋದದ್ದೇ ತಡ, ಎಲ್ಲರೂ ಚೀಲ ಬಿಸಾಕಿ ಜಾರಿಕೊಂಡಿದ್ದರು.

"ಹಾಲಪ್ಪ?"

"ಕರೆದೆ. ಬರಲ್ಲ ಅಂದ."

"ಕುಡಿದವರು ನೀವು, ಓಡಿದವನು ಅವನು. ಸಮಿತಿ ಮುಂದೆ ಯಾಕೋ ಬಾಯಿ ಬಿಡ್ಲಿಲ್ಲ?"

"ನಾವು ಕುಡಿದದ್ದು ಹೊರಗೆ ಬಂದ್ರೆ ಕ್ಲಬ್ಬೇ ಮುಚ್ತಾರೆ. ಮುಂದಿನ ತಿಂಗಳು ಫೈನಲ್ ಇದೆ ಮೇಡಂ."

ಗೊಣಗಪ್ಪ ಒಂದು ಹೆಜ್ಜೆ ಮುಂದೆ ಬಂದ. ಇನ್‌ಸ್ಪೆಕ್ಟರ್ ಕೈ ಅಡ್ಡ ಹಿಡಿಯದಿದ್ದರೆ ಕ್ಯಾಪ್ಟನ್ನನ ಕೆನ್ನೆ ಊದಿಕೊಳ್ಳುತ್ತಿತ್ತು. ಹಾಗೆ ತಡೆದದ್ದಕ್ಕೆ ಅವಳಿಗೇ ಸ್ವಲ್ಪ ಬೇಸರವಾಯಿತು.

ಜೀಪಿನ ಬಳಿ ಬಂದು ಅವಳು ಲೆಕ್ಕ ಹಾಕಿದಳು. ಬಿದ್ದವನ ಮೇಲೆ ಯಾರೋ ಈ ನೀರು ಸುರಿದಿದ್ದಾರೆ. ಹುಡುಗರಾಗಿದ್ದರೆ ಅಸಲಿಯನ್ನೇ ಸುರಿಯುತ್ತಿದ್ದರು, ಅವರ ಫ್ರಿಜ್ಜಿನಲ್ಲೇ ಇತ್ತು. ಇದನ್ನು ಬಿಯರೆಂದು ನಂಬಿದವನು ಕುಡಿತದ ಗಂಧಗಾಳಿಯೂ ಇಲ್ಲದವನು. ಅಂಥವರು ಆ ಕ್ಲಬ್ಬಿನಲ್ಲಿ ಇದ್ದದ್ದು ಇಬ್ಬರೇ. ಒಬ್ಬ ಐಸಿಯುನಲ್ಲಿದ್ದ, ಇನ್ನೊಬ್ಬ ಆ ನಿಯಮ ಮಾಡಿದವನು.

ಕೋಚ್‌ನ ಕೋಣೆ ಗೆರೆ ಎಳೆದಂತೆ ಓರಣವಾಗಿತ್ತು. ಷೂಗಳು ಒಂದೇ ಸಾಲಿನಲ್ಲಿ, ಹಾಕಿ ಕೋಲುಗಳು ಎತ್ತರದ ಪ್ರಕಾರ, ಗೋಡೆಯ ಮೇಲೆ 'ಮದ್ಯ ಮುಟ್ಟಿದವನು ನನ್ನ ಹುಡುಗನಲ್ಲ' ಎಂಬ ಬರಹ. ಆತ ಐವತ್ತು ದಾಟಿದ ಬಿಗಿ ಮೈಯ ಮನುಷ್ಯ. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಬಾಟಲಿ ಇಡುತ್ತಲೇ ಮುಖ ತಿರುಗಿಸಿದ.

"ಇದೇನು ಹೇಳಿ ಸರ್."

"ಕಾಣಲ್ವಾ? ಬಿಯರು. ತೆಗೀರಿ ಆ ಹೊಲಸನ್ನ."

"ಚೀಟಿ ಓದಿದ್ರಾ?"

"ಓದೋದೇನಿದೆ ಅದ್ರಲ್ಲಿ? ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ನಾನು."

"ಅದು ಗೊತ್ತಾಯ್ತು ಬಿಡಿ," ಎಂದು ಇನ್‌ಸ್ಪೆಕ್ಟರ್ ಬಾಟಲಿ ಎತ್ತಿಕೊಂಡು ಹೊರಟಳು.

ಬರೀ ಊಹೆಯ ಮೇಲೆ ಕೈ ಹಾಕುವಂತಿರಲಿಲ್ಲ. ಹುಡುಗ ಬಿದ್ದ ಮುಂಜಾನೆಯ ಹೊತ್ತಿಗೆ ಮದ್ಯದಂಗಡಿಗಳು ತೆರೆದಿರುವುದಿಲ್ಲ. ಕಾಲೇಜಿನ ಹಿಂದಿನ ಬೀದಿಯಲ್ಲಿ ಹಾಲು, ಬ್ರೆಡ್ಡಿಗಾಗಿ ಬೆಳಿಗ್ಗೆಯೇ ತೆರೆಯುವ ದಿನಸಿ ಅಂಗಡಿ ಒಂದೇ ಒಂದು. ಅಂಗಡಿಯ ಹೆಂಗಸಿಗೆ ಚೆನ್ನಾಗಿ ನೆನಪಿತ್ತು. "ಕೋಚ್ ಸರ್ ದಿನಾ ಹಾಲಿಗೆ ಬರೋರು. ಮಂಗಳವಾರ ಫ್ರಿಜ್ಜಿಂದ ಇದನ್ನ ಎತ್ಕೊಂಡ್ರು. ಇದ್ರಲ್ಲಿ ಎಣ್ಣೆ ಇಲ್ಲ ಸರ್ ಅಂತ ಹೇಳೋಕೆ ಹೋದೆ, ಮುಖ ನೋಡಿ ಸುಮ್ಮನಾದೆ."

ಅಂಗಡಿಯ ಕ್ಯಾಮೆರಾದಲ್ಲಿ ಆತ ನಿಂತಿದ್ದ. ಸಮಯ ಆರು ಇಪ್ಪತ್ತು. ಕೊರಳಲ್ಲಿ ಸೀಟಿ, ಅಸಹ್ಯಪಟ್ಟು ಎರಡೇ ಬೆರಳಲ್ಲಿ ಹಿಡಿದ ಬಾಟಲಿ. ಆಂಬುಲೆನ್ಸಿಗೆ ಕರೆ ಹೋಗುವವರೆಗೆ ಇನ್ನೂ ಅರ್ಧ ಗಂಟೆ ಆ ಹುಡುಗ ಸಿಮೆಂಟಿನ ಮೇಲೆ ಬಿದ್ದೇ ಇದ್ದ. ಗೊಣಗಪ್ಪ ಅಂದು ಮೊದಲ ಸಲ ಏನನ್ನೂ ಗೊಣಗದೆ ದೃಶ್ಯದ ಪ್ರತಿ ಮಾಡಿಸಿಕೊಂಡು ಜಪ್ತಿ ಮಹಜರು ಬರೆದ.

ಗುರುವಾರ ಬೆಳಿಗ್ಗೆ ವಜಾ ಆದೇಶ ರದ್ದಾಯಿತು. ಪ್ರಿನ್ಸಿಪಾಲರು ಆ ಕಾಗದವನ್ನು ತಾವೇ ಆಸ್ಪತ್ರೆಗೆ ಒಯ್ದರು, ಅಕ್ಕ ಅವರನ್ನು ಒಳಗೆ ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಅವಳ ಫೋನು ಬಂತು. ತಮ್ಮ ಕಣ್ಣು ಬಿಟ್ಟಿದ್ದ. ಎಡಗೈ ಎತ್ತಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಅಕ್ಕನ ಗುರುತು ಹಿಡಿದಿದ್ದ. ಇಷ್ಟನ್ನು ಹೇಳಿ ಅವಳು ಫೋನಿನಲ್ಲೇ ಜೋರಾಗಿ ಅತ್ತಳು. ಇನ್‌ಸ್ಪೆಕ್ಟರ್ ಫೋನು ಇಡದೆ ಅವಳ ಅಳು ಮುಗಿಯುವವರೆಗೂ ಕಾದಳು.

ಐದಕ್ಕೆ ಜೀಪು ಮೈದಾನದೊಳಗೆ ನುಗ್ಗಿತು. ಅಭ್ಯಾಸ ಮುಗಿಸಿ ಬರುತ್ತೇನೆ ಎಂದ ಕೋಚ್. ಆಗಲ್ಲ ಎಂದಳು ಇನ್‌ಸ್ಪೆಕ್ಟರ್. ಆಟಗಾರರು ಕೋಲು ಊರಿಕೊಂಡು ನೋಡುತ್ತ ನಿಂತರು. ಕ್ಯಾಪ್ಟನ್ ಮಾತ್ರ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದ.

ಠಾಣೆಯಲ್ಲಿ ಕೋಚ್ ತಿಪ್ಪೆ ಸಾರಿಸಲು ಹೋಗಲಿಲ್ಲ. ಕೋಣೆಯಲ್ಲಿದ್ದಾಗ ಬಿದ್ದ ಸದ್ದು ಕೇಳಿತ್ತು. ಹೋಗಿ ನೋಡಿದರೆ ಹುಡುಗ ಉಸಿರಾಡುತ್ತಿದ್ದ, ಕರೆದರೆ ಏಳಲಿಲ್ಲ. ಬೆನ್ನಿನ ಚೀಲ ಬಿಚ್ಚಿ ಮೆಟ್ಟಿಲ ಕೆಳಗೆ ತಳ್ಳಿ ಅಂಗಡಿಗೆ ಓಡಿದ್ದ.

"ಮೊದಲು ಆಂಬುಲೆನ್ಸ್ ಕರೀಬೇಕು ಅನ್ನಿಸ್ಲಿಲ್ವಾ?"

"ಓಡಿಸುವಾಗ ಬಿದ್ದ ಅಂತ ಗೊತ್ತಾದ್ರೆ ನಿಯಮ ತೆಗೆದುಹಾಕ್ತಿದ್ರು. ಆ ನಿಯಮ ಹೋದ್ರೆ ಈ ಹುಡುಗರೆಲ್ಲ ಹಾಳಾಗಿ ಹೋಗ್ತಾರೆ ಮೇಡಂ. ಇಪ್ಪತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದ್ದೀನಿ ಅವರನ್ನ. ಒಬ್ಬನ ಹೆಸರು ಹೋದ್ರೆ ಉಳಿದವರು ಉಳೀತಾರೆ ಅಂದ್ಕೊಂಡೆ."

"ಅವನು ಕುಡಿಯಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು." ಆತ ತನ್ನ ಅಂಗೈಗಳನ್ನು ನೋಡಿಕೊಂಡ. "ತಂಡದಲ್ಲಿ ಅವನೊಬ್ಬನೇ."

ಗೊಣಗಪ್ಪ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಇನ್‌ಸ್ಪೆಕ್ಟರ್‌ಗೆ ಕೇಳಬೇಕಾದ್ದೆಲ್ಲ ಮುಗಿದಿತ್ತು. ಆದರೂ ಎರಡು ದಿನದಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಯೊಂದು ಉಳಿದಿತ್ತು.

"ಬೇರೆ ಹುಡುಗರೆಲ್ಲ ಚೀಲ ಬಿಸಾಕಿ ಹೋಗಿದ್ರು. ನೋಡೋಕೆ ನೀವೂ ಇರಲಿಲ್ಲ. ಇವನೊಬ್ಬ ಯಾಕೆ ಓಡ್ತಾನೇ ಇದ್ದ?"

ಕೋಚ್ ಕೊರಳ ಸೀಟಿಯನ್ನು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಹೇಳಿದ, "ನಾನು ಸಾಕು ಅಂದಿರಲಿಲ್ಲ."