ಬಿಳಿ ಕುದುರೆಯ ಹಿಂಗಾಲು

ಸೋಮವಾರ, ತಾರೀಕು ಹದಿನಾಲ್ಕು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹಲ್ಲಿನ ಡಾಕ್ಟರು ದೂರು ಹಿಡಿದು ಠಾಣೆಯ ಮೆಟ್ಟಿಲು ಹತ್ತಿದಾಗ ಇನ್‌ಸ್ಪೆಕ್ಟರಿಗೆ ನೆಗಡಿಯಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ಇನ್‌ಸ್ಪೆಕ್ಟರ ಮೂಗು ಅಂಥಿಂಥ ಮೂಗಲ್ಲ. ಅವರು ಕೋಣೆಗೆ ಕಾಲಿಡುವ ಮೊದಲೇ ಅದು ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಅರ್ಧ ತನಿಖೆ ಮುಗಿಸಿರುತ್ತಿತ್ತು. ಮೂರು ಬೀದಿ ಆಚೆ ಯಾರಾದರೂ ಸುಳ್ಳು ಹೇಳಲು ಬಾಯಿ ತೆರೆದರೆ ಇಲ್ಲಿ ಹೊಳ್ಳೆ ಅದುರುತ್ತಿತ್ತು. ಊರಿನ ಕಳ್ಳರೆಲ್ಲ ಸೇರಿ ಭಯಭಕ್ತಿಯಿಂದ ಇಟ್ಟ ಹೆಸರು ಮೂಗುಸಾಹೇಬರು. ಅಂಥ ಮೂಗಿಗೆ ಆ ದಿನ ಬೀಗ ಬಿದ್ದಿತ್ತು.

ಡಾಕ್ಟರೂ ಸಣ್ಣ ಆಳಲ್ಲ. ನಲವತ್ತು ವರ್ಷ ಅವರು ಕಿತ್ತ ಹಲ್ಲುಗಳನ್ನು ಒಂದೆಡೆ ಗುಡ್ಡೆ ಹಾಕಿದ್ದರೆ ಅದರ ನೆತ್ತಿಯ ಮೇಲೆ ಮೋಡ ತಂಗುತ್ತಿತ್ತು.

"ಕಳುವಾಗಿದೆ," ಎಂದರು ಡಾಕ್ಟರು.

"ಏನು?"

"ಹ್ಯಾನೋವರ್."

"ಅದ್ಯಾರು?"

"ಯಾರೂ ಅಲ್ಲ ಸ್ವಾಮಿ. ಅದೊಂದು ರಾಜ್ಯ."

ಬರೆದುಕೊಳ್ಳುತ್ತಿದ್ದ ಠಾಣೆಯ ರೈಟರ್ ಪೆನ್ನು ಕೆಳಗಿಟ್ಟ. "ಸಾರ್, ಇಡೀ ರಾಜ್ಯ ಕಳುವಾದ್ರೆ ನಮ್ಮ ವ್ಯಾಪ್ತಿಗೆ ಬರುತ್ತಾ?"

ಡಾಕ್ಟರು ಬಿಡಿಸಿ ಹೇಳಬೇಕಾಯಿತು. ಜರ್ಮನಿ ಎನ್ನುವುದು ಮೊದಲಿಂದಲೂ ಒಂದೇ ದೇಶವಾಗಿರಲಿಲ್ಲ. ಹ್ಯಾನೋವರ್, ಬವೇರಿಯ, ಸ್ಯಾಕ್ಸನಿ, ಬಾಡೆನ್ ಎಂದು ಹತ್ತಾರು ರಾಜ್ಯಗಳು. ಕೆಲವಂತೂ ಎಷ್ಟು ಚಿಕ್ಕವೆಂದರೆ, ಡಾಕ್ಟರ ಪ್ರಕಾರ, ಅಲ್ಲಿಯ ರಾಜ ಕೊಡೆ ಬಿಚ್ಚಿದರೆ ನೆರಳು ಪಕ್ಕದ ರಾಜ್ಯಕ್ಕೆ ಬೀಳುತ್ತಿತ್ತು. ಆದರೆ ಒಂದೊಂದು ಅರಮನೆಗೂ ಅದರದೇ ಬಿರುದಿನ ಪದಕ. ಚಿನ್ನದ ಚೌಕಟ್ಟಿನ ಮೇಲೆ ಬಣ್ಣದ ಗಾಜಿನ ಪುಡಿ ಉದುರಿಸಿ, ಕುಲುಮೆಯಲ್ಲಿ ಕರಗಿಸಿ ಹಿಡಿಸಿದ್ದು. ಅದಕ್ಕೇ ಎನಾಮಲ್ ಎನ್ನುತ್ತಾರೆ. ಡಾಕ್ಟರು ನೂರು ಹಲ್ಲಿಗೊಂದರಂತೆ ಅಂಥ ಅರವತ್ತೆರಡು ಪದಕ ಕೂಡಿಹಾಕಿದ್ದರು. ಈಗ ಹೋದದ್ದು ಹ್ಯಾನೋವರಿನ ಶಿಲುಬೆ. ನಾಲ್ಕು ತೋಳುಗಳ ಸಂದಿಯಲ್ಲಿ ನಾಲ್ಕು ಚಿನ್ನದ ಸಿಂಹ. ನಡುವೆ ಉಗುರಿನಷ್ಟಗಲದ ಕೆಂಪು ಬಿಲ್ಲೆ, ಅದರಲ್ಲಿ ನಾಗಾಲೋಟದಲ್ಲಿರುವ ಬಿಳಿ ಕುದುರೆ.

"ಅನುಮಾನ ಯಾರ ಮೇಲೆ?"

"ಮನೆಗೆಲಸದವಳು. ಎಂಟಕ್ಕೆ ಬಂದಳು. ಒಂಬತ್ತಕ್ಕೆ ನಾನು ಬೀರು ತೆಗೆದೆ, ಇರಲಿಲ್ಲ."

"ಇವತ್ತೇ ಯಾಕೆ ತೆಗೆದ್ರಿ?"

ಡಾಕ್ಟರು ಕನ್ನಡಕ ಬಿಚ್ಚಿ ಒರೆಸಿದರು. "ಸುಮ್ನೆ."

ಇನ್‌ಸ್ಪೆಕ್ಟರ್ ತಮ್ಮ ಚೀಟಿಪುಸ್ತಕದಲ್ಲಿ 'ಸುಮ್ಮನೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಮೂಗು ನೆಟ್ಟಗಿದ್ದಿದ್ದರೆ ಅಲ್ಲೇ ಕೇಸು ಮುಗಿಯುತ್ತಿತ್ತು. ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದು ನಲವತ್ತಕ್ಕೆ ಡಾಕ್ಟರ ಮನೆಯಲ್ಲಿ, ಇಬ್ಬರು ಪಂಚರ ಎದುರು ಪಂಚನಾಮೆ. ಮಹಡಿಯ ಕೋಣೆ, ಗಾಜಿನ ಬಾಗಿಲಿನ ಬೀರು, ಒಳಗೆ ಕಪ್ಪು ಮಖಮಲ್ಲು ಹಾಸಿದ ಹನ್ನೊಂದು ಖಾನೆ. ಬೀಗ ಒಡೆದಿಲ್ಲ. ಕೀಲಿಕೈ ಗೋಡೆ ಗಡಿಯಾರದ ಹಿಂದಿನ ಮೊಳೆಯಲ್ಲಿ. ಅದು ಅಲ್ಲಿರುವುದು ಮನೆಯ ಹಲ್ಲಿಗಳಿಗೂ ಗೊತ್ತಿದ್ದ ಗುಟ್ಟು. ಎರಡನೇ ಖಾನೆಯಲ್ಲಿ ವಜ್ರ ಕೂರಿಸಿದ ನಕ್ಷತ್ರವೊಂದು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಕಳ್ಳ ಅದರತ್ತ ತಿರುಗಿಯೂ ನೋಡಿರಲಿಲ್ಲ. ಮೂರನೆಯದರಲ್ಲಿ ಶಿಲುಬೆಯಾಕಾರದ ಖಾಲಿ ಗುಳಿ. ಗುಳಿಯಲ್ಲಿ ಪದಕದ ತಿಳಿನೀಲಿ ರಿಬ್ಬನ್ನು. ಒಂದು ಎಳೆಯೂ ಹರಿಯದಂತೆ ಹೊಲಿಗೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಮೇಲೊಂದು ತೆಳು ಕಾಗದ ಹೊದಿಸಿತ್ತು.

"ನೋಡ್ರೀ," ಎಂದರು ಇನ್‌ಸ್ಪೆಕ್ಟರ್ ಸೀನುತ್ತ. "ಕಳ್ಳ ಹಾಸಿಗೆ ಮಡಿಸಿಟ್ಟು ಹೋಗಿದಾನೆ."

"ಸಂಸ್ಕಾರವಂತ ಸಾರ್," ಎಂದ ರೈಟರ್.

"ನಿನ್ನೆ ಮನೆಗೆ ಯಾರು ಬಂದಿದ್ರು ಡಾಕ್ಟ್ರೇ?"

"ನನ್ನ ನಾದಿನಿ. ನನ್ನ ಹೆಂಡತಿ ತೀರಿಕೊಂಡು ಐದು ವರ್ಷ ಆಯ್ತು. ಅವತ್ತಿಂದ ಪ್ರತಿ ಭಾನುವಾರ ಬಂದು ಅಡುಗೆ ಮಾಡಿ, ಬಡಿಸಿ ಹೋಗ್ತಾಳೆ. ಅವಳನ್ನ ಇದಕ್ಕೆ ಎಳೀಬೇಡಿ."

"ಊಟ ಆದ್ಮೇಲೆ ನೀವು?"

"ಮಲಗಿದ್ದೆ."

ಡಾಕ್ಟರಿಗೆ ಇನ್ನೊಂದು ಆತುರವಿತ್ತು. ಗುರುವಾರ ಹತ್ತು ಗಂಟೆಗೆ ವಸ್ತುಸಂಗ್ರಹಾಲಯದ ಪರೀಕ್ಷಕ ನೇರಳೆ ದೀಪ ಹಿಡಿದು ಬರುವವನಿದ್ದ. ಆ ದೀಪದ ಬೆಳಕಿನಲ್ಲಿ ಕುಲುಮೆ ಕಂಡ ಹಳೇ ಎನಾಮಲ್ ಒಂದು ಬಣ್ಣ, ಮೇಲೆ ಮೆತ್ತಿದ ತೇಪೆ ಬೇರೆಯೇ ಬಣ್ಣ ಕಾಣುತ್ತದೆ. ಅರವತ್ತೆರಡನ್ನೂ ಅವನು ನೋಡಿ ಬರೆದುಕೊಳ್ಳಬೇಕಿತ್ತು.

ಹನ್ನೆರಡೂವರೆಗೆ ಅಡುಗೆಮನೆಯಲ್ಲಿ ಕೆಲಸದಾಕೆಯ ವಿಚಾರಣೆ. ಅವಳ ನಾಲಿಗೆಯ ಹರಿತಕ್ಕೆ ಪಾತ್ರೆಗಳು ತಾವಾಗಿಯೇ ಬೆಳಗಿಕೊಳ್ಳುತ್ತಿದ್ದವು ಎಂದು ಬೀದಿಯವರ ಮಾತು.

"ಬೀರು ಮುಟ್ಟಿದ್ಯಾ?"

"ಗಾಜು ಒರೆಸ್ತೀನಿ. ಹನ್ನೊಂದು ವರ್ಷದಿಂದ."

"ಒಳಗೆ?"

"ಒಳಗಿಂದು ಮುಟ್ಟಿದ್ರೆ ಡಾಕ್ಟ್ರು ನನ್ನ ಮೂವತ್ತೆರಡೂ ಕೀಳ್ತಾರೆ."

"ಕೀಲಿ ಎಲ್ಲಿರುತ್ತೆ ಗೊತ್ತಾ?"

"ಗಡಿಯಾರದ ಧೂಳು ಹೊಡೆಯೋಳು ನಾನು. ಗೊತ್ತಿಲ್ದೆ ಏನು? ಗೊತ್ತಿದ್ದೋರೆಲ್ಲ ಕಳ್ಳರಾದ್ರೆ ನೀವೂ ಈಗ ನೋಡಿದ್ರಲ್ಲ ಸಾರ್."

ಹೇಳಿ, ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. "ನಾಲ್ಕು ಮನೆ ಕೆಲಸ ನಂದು. ಜೀಪು ನೋಡಿದ ತಕ್ಷಣ ಪಕ್ಕದ ಮನೆಯಮ್ಮ ನಾಳೆಯಿಂದ ಬೇಡ ಅಂದ್ರು. ಕದ್ದವರು ಸಿಗದಿದ್ರೂ ನನ್ನ ಹೆಸರು ಹೋಯ್ತಲ್ಲ, ಅದನ್ನ ಯಾವ ಪುಸ್ತಕದಲ್ಲಿ ಬರ್ಕೊಳ್ತೀರಿ?"

ಇನ್‌ಸ್ಪೆಕ್ಟರ್ ಮೂಗು ಒರೆಸಿಕೊಂಡರು. ಆ ಮಾತು ಮಾತ್ರ ಕಟ್ಟಿದ ಮೂಗನ್ನೂ ದಾಟಿ ಒಳಗೆಲ್ಲೋ ಹೋಗಿ ಕೂತಿತು.

ಮಂಗಳವಾರ, ಹದಿನೈದು, ಬೆಳಿಗ್ಗೆ ಒಂಬತ್ತಕ್ಕೆ ಅವಳ ಮನೆ ಶೋಧ. ನೋಡಲು ನೆರೆದ ಜನ ಎಷ್ಟೆಂದರೆ ಬೀದಿಯ ನಾಯಿಗಳಿಗೆ ನಿಲ್ಲಲು ಜಾಗವಿರಲಿಲ್ಲ. ಹತ್ತೇ ನಿಮಿಷದಲ್ಲಿ ಒಳಗಿಂದ ಪೇದೆಯ ಕೂಗು: "ಪದಕ ಸಿಕ್ತು ಸಾರ್! ಒಂದಲ್ಲ, ಮೂರು!"

ತಗಡಿನ ಪದಕಗಳು. ಶಾಲೆಯ ಓಟದ ಪಂದ್ಯದವು.

"ನನ್ನ ಮಗಳು ಓಡಿ ಗೆದ್ದಿದ್ದು," ಎಂದಳು ಅವಳು. "ಅವಳು ಕಾಲನ್ನ ಎಲ್ಲಿಂದ ಕದ್ದಳು ಅಂತ್ಲೂ ಕೇಳ್ಬಿಡಿ."

ಜನ ನಕ್ಕರು. ಆದರೂ ಸಂಜೆಯೊಳಗೆ ಎರಡನೆಯ ಮನೆಯವರೂ ಬೇಡವೆಂದರು. ನಾಲ್ಕರಲ್ಲಿ ಉಳಿದದ್ದು ಡಾಕ್ಟರ ಮನೆ ಬಿಟ್ಟರೆ ಒಂದು. ಡಾಕ್ಟರ ಮನೆ ಉಳಿಯುವ ಮಾತೇ ಇರಲಿಲ್ಲ.

ಬುಧವಾರ, ಹದಿನಾರು, ಮಧ್ಯಾಹ್ನ ಎರಡೂವರೆಗೆ ಇನ್‌ಸ್ಪೆಕ್ಟರ್ ಆ ರಿಬ್ಬನ್ನನ್ನು ಲಕೋಟೆಯಲ್ಲಿಟ್ಟುಕೊಂಡು ಹಳೇಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವ ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ನೋಡಿದ.

"ಪದಕದ ಜೊತೆ ಹುಟ್ಟಿದ ರಿಬ್ಬನ್ನು ಸಾರ್ ಇದು. ಇದಿದ್ರೆ ಪದಕಕ್ಕೆ ತೂಕ. ಇದನ್ನ ಬಿಟ್ಟು ಹೋದವನು ಮಾರೋಕೆ ಕದ್ದಿಲ್ಲ."

"ಮತ್ತೆ?"

"ಹೊಲಿಗೆ ಬಿಚ್ಚಿದ್ದು ನೋಡಿ. ನಾವು ವ್ಯಾಪಾರದೋರು ರಿಬ್ಬನ್ ತೆಗೆಯೋದೇ ಇಲ್ಲ, ಮುಟ್ಟಿದ್ರೆ ಪುಡಿಯಾಗುತ್ತೆ. ಸಂಗ್ರಹ ಮಾಡೋರೂ ಮುಟ್ಟಲ್ಲ. ಪದಕ ಕೈಗೆ ತಗೊಂಡ ಕೂಡ್ಲೇ ಮೊದಲು ಬಟ್ಟೆ ಬಿಚ್ಚೋರು ಒಂದೇ ಜಾತಿ. ಬೆಂಕಿ ಮುಂದೆ ಕೂರೋರು. ಕುಲುಮೆ ಹತ್ರ ಬಟ್ಟೆ ಇರಬಾರದಲ್ಲ. ಅದು ಅವರಿಗೆ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ, ಕೈ ತಾನೇ ಮಾಡುತ್ತೆ."

"ಈ ಊರಲ್ಲಿ ಅಂಥೋರು?"

"ಎನಾಮಲ್ ಸುಡೋ ಕೈ ಈಗ ಒಂದೇ ಉಳಿದಿದೆ. ಗಡಿಯಾರಕ್ಕೆ ಬಿಳಿ ಮುಖ ಮಾಡಿ ಅಂಕಿ ಬರೀತಾರಲ್ಲ, ಊರೆಲ್ಲ ಚಿಕ್ಕಮ್ಮ ಅನ್ನೋರು. ಹಲ್ಲಿನ ಡಾಕ್ಟ್ರ ನಾದಿನಿ."

ಇನ್‌ಸ್ಪೆಕ್ಟರ್ ಒಂದು ಸೀನು ಸೀನಿದರು. ಅಂಗಡಿಯ ಗೋಡೆಯಲ್ಲಿ ಮೂವತ್ತು ವರ್ಷದಿಂದ ನಿಂತಿದ್ದ ಎರಡು ಗಡಿಯಾರ ಆ ರಭಸಕ್ಕೆ ಓಡತೊಡಗಿದವು ಎಂದು ಅಂಗಡಿಯವ ಇಂದಿಗೂ ಹೇಳುತ್ತಾನೆ. ಮೂಗು ಬಿಟ್ಟುಕೊಂಡಿತು.

ನಾಲ್ಕು ಹತ್ತಕ್ಕೆ ಪಂಚರೊಂದಿಗೆ ಅವರು ಚಿಕ್ಕಮ್ಮನ ಕಾರ್ಯಾಗಾರದ ಬಾಗಿಲು ತಟ್ಟಿದರು. ಒಳಗಿಂದ ದನಿ: "ತಟ್ಟಬೇಡಿ, ತಳ್ಳಿ. ಮೇಜು ಅಲುಗಾಡುತ್ತೆ."

ಕಿರಿದಾದ ಕೋಣೆ. ಕಪಾಟಿನ ತುಂಬ ಬಣ್ಣದ ಪುಡಿಯ ಸೀಸೆಗಳು, ಮೇಜಿನ ಮೇಲೆ ಮುಳ್ಳಿಲ್ಲದ ಗಡಿಯಾರದ ಮುಖಗಳು. ಅವುಗಳ ನಡುವೆ, ಬಿಳಿ ಬಟ್ಟೆಯ ಮೇಲೆ, ನಾಲ್ಕು ಸಿಂಹಗಳ ಶಿಲುಬೆ. ಅದರ ಎದೆಯಲ್ಲಿ ಬಿಲ್ಲೆಯಿರಲಿಲ್ಲ, ತೂತಿತ್ತು. ಕುಲುಮೆಯೆಂದರೆ ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ ವಿದ್ಯುತ್ ಒಲೆ. ಅದರ ಇಣುಕುಗಿಂಡಿಯಲ್ಲಿ ಕಿತ್ತಳೆ ಬೆಳಕು. ಅರವತ್ತು ದಾಟಿದ ಹೆಂಗಸು ಉದ್ದನೆಯ ಇಕ್ಕಳ ಹಿಡಿದು ಅದರ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ.

"ಯಾಕೆ ಬಂದಿದೀವಿ ಗೊತ್ತಾ?"

"ಗೊತ್ತು. ಎರಡು ನಿಮಿಷ ಕೊಡಿ. ಈಗ ತೆಗೆದ್ರೆ ಸಿಡಿದುಹೋಗುತ್ತೆ."

ಪೇದೆ ಮುಂದೆ ಹೆಜ್ಜೆ ಇಟ್ಟ. ಇನ್‌ಸ್ಪೆಕ್ಟರ್ ಅಡ್ಡ ಕೈ ಹಿಡಿದು ವಾಚು ನೋಡಿದರು. ನಾಲ್ಕು ಹದಿಮೂರು. ಇಲಾಖೆಯ ಇತಿಹಾಸದಲ್ಲೇ ಅಷ್ಟು ಉದ್ದದ ಎರಡು ನಿಮಿಷ ಇನ್ನೊಂದಿಲ್ಲ. ಪಂಚರಲ್ಲೊಬ್ಬನಿಗೆ ಗಡ್ಡ ಬೆಳೆಯಿತು.

ಅವಳು ಕಿಂಡಿಯಲ್ಲಿ ಇಣುಕಿದಳು, ಬಾಗಿಲು ತೆರೆದಳು, ತಂತಿಯ ಜಾಲರಿಯ ಮೇಲಿದ್ದ ಬಿಲ್ಲೆಯನ್ನು ಇಕ್ಕಳದಲ್ಲಿ ಎತ್ತಿ ಕಲ್ಲಿನ ಮೇಲಿಟ್ಟಳು. ಅದು ಕರ್ರಗಿತ್ತು.

"ಅಯ್ಯೋ, ಸುಟ್ಟೋಯ್ತು," ಎಂದ ರೈಟರ್.

"ಬಾಯ್ಮುಚ್ಚಿ ನೋಡಪ್ಪ."

ನೋಡಿದರು. ಅಂಚಿನಿಂದ ಕಪ್ಪು ಸರಿಯತೊಡಗಿತು. ಮೊದಲು ಕಂದು, ಆಮೇಲೆ ಇಟ್ಟಿಗೆಯ ಬಣ್ಣ, ಆಮೇಲೆ ಒಳಗೆ ದೀಪ ಹಚ್ಚಿದಂತೆ ಕೆಂಪು. ಆ ಕೆಂಪಿನಲ್ಲಿ ಬಿಳಿ ಕುದುರೆ ನಾಲ್ಕೂ ಕಾಲೆತ್ತಿ ಓಡುತ್ತಿತ್ತು. ಎಷ್ಟೋ ಹೆಣಗಳನ್ನು ನೋಡಿಯೂ ಅಲುಗದ ಪೇದೆಯ ಬಾಯಿಂದ "ಅಬ್ಬಾ" ಎಂಬ ಮಾತು ಬಂತು.

"ಭಾನುವಾರ ತಗೊಂಡ್ರಾ?"

"ಭಾವ ಗೊರಕೆ ಹೊಡೀತಿದ್ರು. ಹಳೇ ತೇಪೆ ನೆನೆಸಿ ಬಿಡಿಸೋಕೇ ಎರಡು ದಿನ ಹಿಡೀತು. ಇವತ್ತು ಸಂಜೆ ಹೋಗಿ ಇಡೋಳಿದ್ದೆ. ಇದು ಯಾವಾಗ ಕೇಸಾಯ್ತು?"

"ಸೋಮವಾರ. ಡಾಕ್ಟ್ರು ಕೆಲಸದಾಕೆ ಮೇಲೆ ದೂರು ಕೊಟ್ರು. ನಿನ್ನೆ ಅವಳ ಮನೆ ಶೋಧ ಆಯ್ತು. ಎರಡು ಮನೆಯೋರು ಕೆಲಸ ಬಿಡಿಸಿದ್ರು."

ಅವಳು ಇಕ್ಕಳ ಕೆಳಗಿಟ್ಟು, ಒಲೆಯ ಸ್ವಿಚ್ಚು ಆರಿಸಿ ಎದ್ದಳು. "ಅವಳ ಮೇಲಾ? ದೇವರೇ. ಬುಧವಾರದ ತನಕ ಭಾವ ಆ ಬೀರು ತೆಗೆಯಲ್ಲ ಅಂದ್ಕೊಂಡೆ. ನಡೀರಿ. ಈಗಲೇ ಬರ್ಕೊಳ್ಳಿ, ನಾನೇ ಅಂತ."

ಐದು ಐದಕ್ಕೆ ಬಂಧನ, ಶಿಲುಬೆ ಮತ್ತು ಬಿಲ್ಲೆ ವಶ.

ಠಾಣೆಯಲ್ಲಿ ಅವಳು ಕೊಟ್ಟ ಹೇಳಿಕೆ ಹೀಗಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಡಾಕ್ಟರು ಪರವೂರಿಗೆ ಹೋಗಿದ್ದಾಗ ಅಕ್ಕ ಧೂಳು ಹೊಡೆಯುತ್ತ ಪದಕವನ್ನು ಬೀಳಿಸಿದಳು. ಕುದುರೆಯ ಹಿಂಗಾಲು ಚಕ್ಕೆಯೆದ್ದು ಹೋಯಿತು. ಅಕ್ಕ ಅಳುತ್ತ ಓಡಿಬಂದಳು. ಭಾವ ಮಾರನೆಯ ದಿನ ಬರುವವರು, ಕುಲುಮೆ ಕೆಟ್ಟು ಕೂತಿತ್ತು. ತಂಗಿ ಡಾಕ್ಟರ ಮನೆಯ ಕೆಳಗಿನ ದವಾಖಾನೆಯಿಂದ ಹಲ್ಲಿನ ತೂತು ತುಂಬುವ ಬಿಳಿ ಮದ್ದು ತಂದು, ಅದರಲ್ಲೇ ಕಾಲು ಮಾಡಿ ಕೂರಿಸಿದಳು. ಯಾರಿಗೂ ಹೇಳಬೇಡವೆಂದು ಅಕ್ಕ ಆಣೆ ಹಾಕಿಸಿಕೊಂಡಳು. ಈಗ ನೇರಳೆ ದೀಪ ಬರುತ್ತದೆಂದಾಗ, ಸತ್ತ ಅಕ್ಕನ ಗುಟ್ಟು ಬೆಳಕಿಗೆ ಬೀಳುತ್ತದಲ್ಲ ಎಂದು ಅವಳ ನಿದ್ದೆ ಹಾರಿಹೋಯಿತು.

ಬೆಂಚಿನ ಮೇಲೆ ಕೂತು ಕೇಳುತ್ತಿದ್ದ ಡಾಕ್ಟರು ಮೆಲ್ಲಗೆ ಹೇಳಿದರು, "ನಂಗೆ ಗೊತ್ತಿತ್ತಮ್ಮ."

"ಏನು ಭಾವ?"

"ನಲವತ್ತು ವರ್ಷ ಅದೇ ಮದ್ದು ತುಂಬಿದೋನು ನಾನು. ಊರಿಂದ ಬಂದ ದಿನವೇ ನೋಡಿದೆ. ಕುದುರೆ ಕಾಲು ನನ್ನ ಡಬ್ಬಿದು. ನಿನ್ನ ಅಕ್ಕ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ಲು. ನಾನು, ಆಹಾ, ಒಂದು ಗೀರೂ ಇಲ್ಲ ಅಂದೆ. ಅವತ್ತು ಎಷ್ಟು ನಕ್ಕಳು ಗೊತ್ತಾ? ಸೋಮವಾರ ನಾನು ಬೀರು ತೆಗೆದಿದ್ದೇ ಅದನ್ನ ಬೇರೆ ಎತ್ತಿಡೋಕೆ, ಆ ದೀಪದೋನ ಕಣ್ಣಿಗೆ ಬೀಳದ ಹಾಗೆ."

ಇನ್‌ಸ್ಪೆಕ್ಟರ್ ಚೀಟಿಪುಸ್ತಕ ತೆಗೆದು 'ಸುಮ್ಮನೆ' ಎಂಬ ಪದವನ್ನು ಹೊಡೆದುಹಾಕಿದರು.

"ಕೇಸು ವಾಪಸ್ ತಗೊಳ್ತೀನಿ," ಎಂದರು ಡಾಕ್ಟರು.

"ಎಫ್‌ಐಆರ್ ಅಂದ್ರೆ ಹಲ್ಲಲ್ಲ ಡಾಕ್ಟ್ರೇ, ಕಿತ್ತು ಬಿಸಾಕೋಕೆ. ನಾಳೆ ಕೋರ್ಟಲ್ಲಿ ಹೇಳಿ, ಜಾಮೀನು ಸಿಗುತ್ತೆ. ಅದಕ್ಕೆ ಮೊದಲು ಇನ್ನೊಂದು ಕೆಲಸ ಇದೆ."

ಬಾಗಿಲಲ್ಲಿ ಕೆಲಸದಾಕೆ ನಿಂತಿದ್ದಳು. ಇನ್‌ಸ್ಪೆಕ್ಟರೇ ಹೇಳಿ ಕಳಿಸಿದ್ದರು. ಡಾಕ್ಟರು ಎದ್ದು ನಿಂತರು. ಲಕ್ಷ ಬಾಯಿಗಳನ್ನು ತೆರೆಸಿದವರು ಈಗ ತಮ್ಮ ಬಾಯಿ ತೆರೆಯಹೊರಟರು.

"ನನ್ನೆದುರು ಏನೂ ಹೇಳಬೇಡಿ," ಎಂದಳು ಅವಳು. "ನಂಗೆ ಗೊತ್ತಿರೋದನ್ನ ನಂಗೇ ಹೇಳಿ ಏನುಪಯೋಗ? ಆ ಎರಡು ಮನೆಗೆ ಬಂದು ಹೇಳಿ. ಬೀದೀಲಿ ನಿಂತು, ಗಟ್ಟಿಯಾಗಿ. ನಿನ್ನೆ ಎಷ್ಟು ಜನ ನೋಡಿದ್ರೋ ಅಷ್ಟು ಜನಕ್ಕೆ ಕೇಳ್ಬೇಕು."

ಡಾಕ್ಟರು ಚಪ್ಪಲಿ ಮೆಟ್ಟಿದರು. ಮೆಟ್ಟಿಲಿಳಿದು, ಅವಳ ಎರಡು ಹೆಜ್ಜೆ ಹಿಂದೆ, ಸಂಜೆಯ ಬೀದಿಯಲ್ಲಿ ನಡೆದರು.

ಗುರುವಾರದ ಪರೀಕ್ಷಕ ಅರವತ್ತೊಂದೇ ಪದಕ ನೋಡಿ ಹೋದ. ಅರವತ್ತೆರಡನೆಯದು ಸಾಕ್ಷ್ಯವಾಗಿ ಠಾಣೆಯ ಕಪಾಟಿನಲ್ಲಿತ್ತು.

ಆ ಬುಧವಾರ ಸಂಜೆ ಆರು ಮುಕ್ಕಾಲಿಗೆ ರೈಟರ್ ಕೇಸ್ ಡೈರಿ ತುಂಬುತ್ತ ಕೊನೆಯ ಸಾಲಿಗೆ ಬಂದ. "ಸಾರ್, ಉದ್ದೇಶ ಅಂತ ಏನು ಬರೀಲಿ? ಲಾಭ, ದ್ವೇಷ, ಎರಡೂ ಅಲ್ಲ."

ಇನ್‌ಸ್ಪೆಕ್ಟರ್ ಮೂಗು ಒರೆಸಿಕೊಂಡರು. ನೆಗಡಿ ಆಗಲೇ ಹೋಗಿತ್ತು.

"ಅಕ್ಕನಿಗೆ ಕೊಟ್ಟ ಮಾತು ಅಂತ ಬರಿ."