ಬಲೆ ಬಿಟ್ಟವನು

"ಕೈ ಬಿಡ್ರಿ. ಇಲ್ಲಂದ್ರ ಬಲಿ ಜೋಡಿ ನಿಮ್ಮನ್ನೂ ಎಳಕೊಂಡ ಹೋಗತೇನಿ!"

ಗಸ್ತಿನ ದೋಣಿಯಿಂದ ಬಾಗಿ ಆಮ್ರಪಾಲಿ ಬಲೆ ಹಿಡಿದಿದ್ದಳು. ಇನ್ನೊಂದು ತುದಿ ಎದುರು ದೋಣಿಯ ಮೀನುಗಾರ ಪರಶುರಾಮನ ಕೈಯಲ್ಲಿತ್ತು. ಮೀನು ಮೊಟ್ಟೆ ಇಡುವ ತಿಂಗಳು. ಹುಕ್ಕೇರಿ ಕಡೆಯ ಆ ಹಿನ್ನೀರಿನಲ್ಲಿ ಯಾರೂ ಮೀನು ಹಿಡಿಯುವಂತಿರಲಿಲ್ಲ. ಅದನ್ನು ಕಾಯುವುದೇ ಅವಳ ಕೆಲಸ.

ಬಲೆಯಲ್ಲಿ ಸಿಕ್ಕ ಮೀನೊಂದನ್ನು ಅವಳು ಎತ್ತಿ ಹಿಡಿದಳು. "ಹೊಟ್ಟಿ ತುಂಬ ತತ್ತಿ ಅದಾವ ನೋಡ್ರಿ. ಬಸುರಿನ್ನ ಹಿಡಿಯಾಕ ಮನಸ್ಸರ ಹೆಂಗ ಬಂತು?"

ಪರಶುರಾಮ ಮೀನನ್ನು ನೋಡಲಿಲ್ಲ, ಅವಳನ್ನೇ ನೋಡಿದ. ಕೈ ಸಡಿಲಿಸಿದ.

ಮೊದಲ ತಪ್ಪೆಂದು ಮೀನುಗಾರಿಕೆ ಇಲಾಖೆಯ ಸಾಹೇಬರು ತಾಕೀತು ಮಾಡಿ ಬಿಟ್ಟರು. ಆಮೇಲೆ ದಿನಾ ಅವನು ದಡದಲ್ಲಿ ಕಾಣಿಸತೊಡಗಿದ. ನಮಸ್ಕಾರವಾಯಿತು, ನಗುವಾಯಿತು. ಅವನು ಬರದ ದಿನ ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ... ಹೇಳಿಕೊಳ್ಳಲು ಮಾತ್ರ ಬಿಗುಮಾನ!

ಒಂದು ಸಂಜೆ ಅವನು ಹತ್ತಿರ ಬಂದು, "ನಿಮ್ಮ ಸಲುವಾಗಿ ಬಲಿ ಬಿಟ್ಟೇನ್ರಿ" ಅಂದ.

ಆಮ್ರಪಾಲಿಯ ಮೈಯೆಲ್ಲ ಉರಿಯಿತು. ಮತ್ತೆ ನೀರಿಗೆ ಬಲೆ ಬಿಟ್ಟಿದ್ದಾನೆ, ಮೇಲೆ ನನ್ನ ಹೆಸರು ಬೇರೆ! ಇಷ್ಟು ದಿನ ನಕ್ಕಿದ್ದು ನನ್ನನ್ನು ಬುಟ್ಟಿಗೆ ಹಾಕಿಕೊಳ್ಳಲೇ?

ಮರುಮಾತು ಕೇಳದೆ ಹೋಗಿ ಸಾಹೇಬರಿಗೆ ಹೇಳಿದಳು. ಅವನ ದೋಣಿಯ ಬಳಿ ಯಾರದೋ ಬಲೆ ಸಿಕ್ಕಿತು, ಅದು ಅವನದೇ ಎಂದಾಯಿತು. ಎರಡನೇ ತಪ್ಪೆಂದು ದೋಣಿ ಜಪ್ತಿಯಾಯಿತು. ಅವನು ಅವಳ ಮುಖ ನೋಡಿ ದಡ ಹತ್ತಿ ಹೋದ.

ವಾರ ಕಳೆದರೂ ಆ ನೋಟ ಅವಳನ್ನು ಬಿಡಲಿಲ್ಲ. ತಡೆಯಲಾರದೆ ಅವನ ಮನೆಗೇ ಹೋದಳು. ತಾಯಿ ಬಾಳವ್ವ ಬಾಗಿಲಲ್ಲಿ ಕೂತಿದ್ದಳು.

"ಅವ ಬಲಿ ಬಿಟ್ಟ ಎಷ್ಟೋ ದಿನಾ ಆಗಿತ್ತವ್ವಾ. ಬಸುರ ಮೀನ ಇನ್ನ ಹಿಡಿಯಂಗಿಲ್ಲ ಅಂತ ತನ್ನ ಬಲಿ ತಾನ ಸುಟ್ಟಾನ. ದೋಣಿ ಮಾರಿ ಲಗ್ನ ಮಾಡ್ಕೋತೇನಿ ಅಂತಿದ್ದ. ಈಗ ಯಮಕನಮರಡಿ ಗ್ಯಾರೇಜಿಗೆ ದುಡಿಯಾಕ ಹೊಂಟಾನ."

ನೀರಿಗೆ ಬಿಟ್ಟಿದ್ದಲ್ಲ... ಕಸುಬನ್ನೇ ಬಿಟ್ಟಿದ್ದ! ಆಮ್ರಪಾಲಿ ಹೊಸ್ತಿಲಿಂದಲೇ ಸಾಹೇಬರ ಕಚೇರಿಗೆ ನಡೆದಳು.

ಎರಡು ದಿನದ ಮೇಲೆ ಅವಳು ಗ್ಯಾರೇಜಿಗೆ ಹೋದಾಗ ಪರಶುರಾಮ ಲಾರಿಯ ಕೆಳಗಿಂದ ಎದ್ದು ಬಂದ.

"ತಪ್ಪ ನಂದು ಅಂತ ಸಾಹೇಬರಿಗೆ ಬರದ ಕೊಟ್ಟೇನ್ರಿ. ನಿಮ್ಮ ಪರ ನಿಂತೇನಿ ಅಂತ ನನ್ನ ಕೆಲಸದಿಂದ ತಗದಾರ."

"ದೋಣಿ?"

"ಬಲಿ ಅದರ ಹತ್ರನ ಸಿಕ್ಕೈತಿ, ಕೊಡೂದಿಲ್ಲ ಅಂದಾರ್ರಿ."

ಅವನು ಕೈಗೆ ಹತ್ತಿದ ಎಣ್ಣೆ ಒರೆಸುತ್ತ ನಿಂತ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಇವನೂ ಹೋದರೆ ನನಗೆ ಉಳಿಯುವುದೇನು?

"ನೀವಂದ್ರ ನನಗ ಜೀವರಿ. ಬೇಕಾದಷ್ಟ ಬೈರಿ. ಹೋಗು ಅಂತ ಮಾತ್ರ ಅನಬ್ಯಾಡ್ರಿ."

"ಬೈಯಾಕ ಬರಂಗಿಲ್ಲ ನನಗ." ಒರೆಸಿದ ಬಟ್ಟೆ ಬದಿಗಿಟ್ಟು ಕೇಳಿದ, "ಮುಂಜಾನಿಂದ ಏನರ ತಿಂದೀರೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಎರಡ ರೊಟ್ಟಿ ಅದಾವ. ಬರ್ರಿ."

"ನಿಮಗ ಕಮ್ಮಿ ಆಗತಾವಲ್ರಿ."

"ಇಬ್ರಿಗೂ ಕಮ್ಮಿ ಆಗ್ಲಿ. ಕುಂಡ್ರು ನೀ."