ಫ್ರೇ ಊರಿಗೆ ಹೋಗುವ ದಾರಿ

ಅಜ್ಜನ ಕರಡಿಗೆ ತನಗೆ ಸೇರಬೇಕಾದದ್ದು ಎಂಬ ಮಾತು ಚನ್ನವೀರನ ಎದೆಯಲ್ಲಿ ನಾಲ್ಕು ವರ್ಷದಿಂದ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಅಜ್ಜನ ಲಿಂಗ ಅಜ್ಜನ ಜೊತೆಗೇ ಮಣ್ಣು ಸೇರಿತು. ಅದನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಮಾತ್ರ ಉಳಿಯಿತು. ಪ್ರತಿ ಸೋಮವಾರ ಅದಕ್ಕೆ ವಿಭೂತಿ ಹಚ್ಚಿ ತಿಕ್ಕಿ ಹೊಳಪು ತರುತ್ತಿದ್ದವನು ಚನ್ನವೀರ. ಅದನ್ನು ಪರದೇಶದ ಕರ್ಕ್‌ಲ್ಯಾಂಡಿನ ಮನೆಯ ದೇವರ ಗೂಡಿನಲ್ಲಿ ಇಟ್ಟುಕೊಂಡವನು ಅಣ್ಣ ಶಿವಬಸಪ್ಪ. ಒಮ್ಮೆ ಊಟಕ್ಕೆ ಜನ ಸೇರಿದ್ದಾಗ ಬಾಯಿಬಿಟ್ಟು ಕೇಳಿದ್ದಕ್ಕೆ ಅಣ್ಣ ನಕ್ಕಿದ್ದ.

"ಕೀಲಿಕೈ ಕಳೀತಿ, ಪಾಸ್‌ಪೋರ್ಟ್ ಕಳೀತಿ. ಇನ್ನ ಅಜ್ಜನ್ನೂ ಕಳ್ದು ಬರ್ತಿ ಏನಲೇ?"

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಚನ್ನವೀರನೂ ನಕ್ಕ. ಆ ನಗು ಅವನ ಗಂಟಲಿನಿಂದ ಇವತ್ತಿನವರೆಗೆ ಇಳಿದಿರಲಿಲ್ಲ.

ಕದಿಯುವುದು ಕಷ್ಟವಿರಲಿಲ್ಲ. ಹಿತ್ತಲ ಬಾಗಿಲಿನ ಕೀಲಿ ತುಳಸಿಯ ಕುಂಡದ ಕೆಳಗಿರುತ್ತಿತ್ತು. ಅಲಾರಮ್ಮಿನ ಗುಟ್ಟಿನ ಅಂಕಿ ಅಜ್ಜ ಲಿಂಗೈಕ್ಯನಾದ ವರ್ಷ. ಶನಿವಾರ ಬೆಳಿಗ್ಗೆ ಅಣ್ಣ, ಅತ್ತಿಗೆ ಇಬ್ಬರೂ ವಚನದ ಕೂಟಕ್ಕೆ ಹೋದರೆ ಮಧ್ಯಾಹ್ನದ ಪ್ರಸಾದ ಮುಗಿಸಿಯೇ ಬರುತ್ತಿದ್ದರು. ತೊಡಕೆಂದರೆ, ಇದೆಲ್ಲ ಗೊತ್ತಿದ್ದ ಹೊರಗಿನವನು ಅವನೊಬ್ಬನೇ. ಆದ್ದರಿಂದ ಆ ಶನಿವಾರ ಅವನು ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇರಬೇಕಿತ್ತು.

ಆ ಮಗ್ಗುಲು ಅವನಿಗೆ ಒಂದು ವೆಬ್ ಪುಟದಲ್ಲಿ ಸಿಕ್ಕಿತು. ಥಾಯ್ಲೆಂಡಿನ ಉತ್ತರದಲ್ಲಿ ಫ್ರೇ ಎಂಬ ಸಣ್ಣ ಊರು. ಕನ್ನಡದವರ ಗಾಳಿ ಸೋಕದ ಊರು. ಅಲ್ಲಿಗೆ ರೈಲಿನ ಹಳಿಯಿಲ್ಲ. ಬ್ಯಾಂಕಾಕಿನಿಂದ ಬೆಳಗಿನ ರೈಲು ಹಿಡಿದು ಡೆನ್ ಚೈ ಎಂಬಲ್ಲಿ ಇಳಿಯಬೇಕು. ನಿಲ್ದಾಣದ ಎದುರು ಸೊಂಗ್‌ತೇವ್ ನಿಂತಿರುತ್ತದೆ, ಅಂದರೆ ಹಿಂದೆ ಎರಡು ಉದ್ದ ಬೆಂಚು ಹಾಕಿದ ಟೆಂಪೊ. ತುಂಬುವವರೆಗೆ ಹೊರಡುವುದಿಲ್ಲ. ಊರೊಳಗೆ ಮೂರು ಗಾಲಿಯ ಸೈಕಲ್ ರಿಕ್ಷಾ, ತೇಗದ ಮರದ ಹಳೇ ಮನೆಗಳು, ನೀಲಿ ಅದ್ದಿದ ಅಂಗಿ ತೊಟ್ಟ ಮುದುಕರು. ಚನ್ನವೀರ ಅದನ್ನು ಎಷ್ಟು ಸಲ ಓದಿದನೆಂದರೆ, ಆ ಬೆಂಚಿನ ಕುಲುಕು ಅವನ ಸೊಂಟಕ್ಕೇ ತಾಗುತ್ತಿತ್ತು.

ಜೂನ್ ತಿಂಗಳ ಒಂದು ಭಾನುವಾರ ಅಣ್ಣನೇ ಅವನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ. ಅತ್ತಿಗೆ ನಿಂಗವ್ವ ಬಿಳಿ ಬಟ್ಟೆಯ ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದಕ್ಕೆ ಮೂರು ಗಂಟು ಬಿಗಿದಿತ್ತು.

"ಕಟಕ್ ರೊಟ್ಟಿ, ಶೇಂಗಾ ಚಟ್ನಿ ಅದಾವ ತಮ್ಮಾ. ಆ ಊರು ಮುಟ್ಟಿದ ಮ್ಯಾಲ ಬಿಚ್ಚು, ನಡುವ ಬಿಚ್ಚಬ್ಯಾಡ. ಕೈಚೀಲದಾಗ ಇಟ್ಕೋ, ದೊಡ್ಡ ಬ್ಯಾಗಿನಾಗ ಹಾಕೀ ಮತ್ತ!"

"ಇಷ್ಟು ವಜ್ಜೆ ಯಾಕ್ರೀ ವೈನಿ? ಊರ ಮಂದಿಗೆಲ್ಲ ಉಣ್ಣಿಸಬೇಕೇನು?"

"ಉಣ್ಣಸು. ಪುಣ್ಯ ಬರ್ತದ," ಎಂದಳು. ಅಣ್ಣ ಏನೋ ಹೇಳಲು ಬಾಯಿ ತೆರೆದು, ತಮ್ಮನ ಭುಜ ತಟ್ಟಿ, ಕಾರು ಹತ್ತಿದ.

ಅವರು ಮರೆಯಾದ ಮೇಲೆ ಚನ್ನವೀರ ತನ್ನ ಮನೆಯಿದ್ದ ರೆಂಟನ್ನಿನ ಬಸ್ಸಿಗೆ ನಿಂತ. ಅವನು ಎಲ್ಲವನ್ನೂ ಯೋಚಿಸಿದ್ದ. ಪರದೆ ಎಳೆದ ಮನೆಯಲ್ಲಿ ಆರು ದಿನ ದೀಪ ಹಾಕದೆ, ಕಾಲುಚೀಲದಲ್ಲೇ ನಡೆದು ಕಳೆಯುವುದು. ಗೋಡೆಯಾಚೆ ಹುಬ್ಬಳ್ಳಿಯ ಶೀತಲ್ ಇದ್ದಳು. ಪರವೂರಿಗೆ ಹೋದವನ ಮನೆಯಿಂದ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ವಾಸನೆ ಬಂದರೆ, ಕಂಡುಹಿಡಿಯಲು ಅವಳ ಮೂಗಿಗೆ ಪೊಲೀಸು ಬೇಕಿರಲಿಲ್ಲ. ಬಟ್ಟೆಯ ಹೊರಗೇ ಆ ಘಮ ಹರಡಿತ್ತು. ಬಸ್ಸು ಬರುವ ಹೊತ್ತಿಗೆ ಅವನು ಗಂಟನ್ನು ಅಲ್ಲಿದ್ದ ಕಸದ ಡಬ್ಬಿಗೆ ಇಳಿಸಿದ. ಅನ್ನ ಎಸೆದ ಕೈಯನ್ನು ತನಗೆ ಅರಿವಿಲ್ಲದೆ ಕಣ್ಣಿಗೊತ್ತಿಕೊಂಡ. ಗಂಟು ತಳಕ್ಕೆ ಬಿದ್ದಾಗ ದೊಪ್ಪನೆ ಸದ್ದಾಯಿತು. ಇಷ್ಟು ಸೂಕ್ಷ್ಮ ನೋಡುವವನು ಸಿಕ್ಕಿಬೀಳುವುದುಂಟೆ ಎಂದು ತನ್ನ ಬಗ್ಗೆ ತನಗೇ ಮೆಚ್ಚುಗೆಯಾಯಿತು.

ಆರು ದಿನ ಅವನು ನಿಂತಲ್ಲಿ ನಿಲ್ಲಲಿಲ್ಲ. ಅಡುಗೆಮನೆಯಿಂದ ಕಿಟಕಿಗೆ ಹನ್ನೊಂದು ಹೆಜ್ಜೆ, ತಿರುಗಿ ಹನ್ನೊಂದು. ಗಡಿಯಾರ ನೋಡಿ, ಹದಿನಾಲ್ಕು ಗಂಟೆ ಕೂಡಿಸಿ, ಅಲ್ಲಿ ಬೆಳಗಾದಾಗ ಇಲ್ಲಿಂದ ಸಂದೇಶ ಕಳಿಸಿದ. 'ಡೆನ್ ಚೈನಲ್ಲಿ ಇಳಿದೆ. ಟೆಂಪೊ ತುಂಬಲಿ ಅಂತ ಕಾಯಾಕತ್ತೇನಿ.' 'ಫ್ರೇ ಮುಟ್ಟಿದೆ. ನೆಟ್ ಭಾಳ ನಿಧಾನ, ಫೋಟೋ ಹೋಗವಲ್ಲವು.' ಅತ್ತಿಗೆಯ ಧ್ವನಿ ಸಂದೇಶ ಬಂತು: "ಬುತ್ತಿ ಬಿಚ್ಚಿದೇನು?" ಅವನು ಬರೆದ: 'ಬಿಚ್ಚಿದೆ ವೈನಿ. ಸ್ಟ್ಯಾಂಡಿನಾಗ ಕೂತು ಉಂಡೆ. ರಿಕ್ಷಾದ ಮುದುಕನಿಗೂ ಕೊಟ್ಟೆ. ಒಂದು ಚೂರೂ ಉಳೀಲಿಲ್ಲ.' ಅತ್ತ ಕಡೆಯಿಂದ ಮತ್ತೆ ಏನೂ ಬರಲಿಲ್ಲ. ನಂಬಿದರು ಎಂದುಕೊಂಡ.

ಶನಿವಾರ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಇಳಿಸಿ ಹೊರಟ. ಫ್ರೇಗೆ ಹೋಗುವ ದಾರಿ ಅವನಿಗೆ ಬಾಯಿಪಾಠವಾಗಿತ್ತು; ಬಸ್ಸಿನಲ್ಲಿ ಕರ್ಕ್‌ಲ್ಯಾಂಡಿಗೆ ಹೋಗುವುದು ಮಾತ್ರ ಗೊತ್ತಿರಲಿಲ್ಲ. ಬೆಲ್‌ವ್ಯೂನಲ್ಲಿ ತಪ್ಪು ಬಸ್ಸು ಹತ್ತಿ, ಇಳಿದು, ಮುಕ್ಕಾಲು ಗಂಟೆ ನಿಂತ. ಹತ್ತೂವರೆಗೆ ಕುಂಡದ ಕೆಳಗೆ ಕೈ ಹಾಕಿದ. ಕೀಲಿ ಇತ್ತು. ಅಲಾರಮ್ಮು ಅಜ್ಜನ ವರ್ಷಕ್ಕೆ ಸುಮ್ಮನಾಯಿತು. ಚಪ್ಪಲಿ ಬಿಟ್ಟು ದೇವರ ಕೋಣೆಗೆ ಹೋದ. ಕಳ್ಳನಾದರೂ ಅಲ್ಲಿ ಚಪ್ಪಲಿ ಮೆಟ್ಟುವುದು ಅವನಿಂದಾಗಲಿಲ್ಲ.

ಗೂಡಿನಲ್ಲಿ ಹಿತ್ತಾಳೆಯ ದೀಪ, ವಿಭೂತಿಯ ಗಟ್ಟಿ, ಬಾಡಿದ ಹೂವು. ಕರಡಿಗೆ ಇದ್ದ ಜಾಗದಲ್ಲಿ ಧೂಳು ಕೂರದ ಒಂದು ಗುಂಡನೆಯ ಗುರುತು ಮಾತ್ರ ಇತ್ತು. ಅವನು ಪೆಟ್ಟಿಗೆ ತೆರೆದ, ಪುಸ್ತಕಗಳ ಹಿಂದೆ ಕೈಯಾಡಿಸಿದ. ಇಲ್ಲ.

ಕಿಸೆಯಲ್ಲಿ ಫೋನು ನಡುಗಿತು. ಅತ್ತಿಗೆಯ ಧ್ವನಿ ಸಂದೇಶ, ಹಿಂದೆ ವಚನ ಹಾಡುವವರ ಗದ್ದಲ. "ಮಲಗಿರ್ತಿ ತಮ್ಮಾ, ಎದ್ದ ಮ್ಯಾಲ ಕೇಳು. ನಿಮ್ಮಣ್ಣ ಮೂರು ದಿನದಿಂದ ಊಟ ಸರಿಗೆ ಮಾಡವಲ್ಲರು. ಅಂದು ಮಂದ್ಯಾಗ ನಕ್ಕಿದ್ದು ತಪ್ಪಾತು ಅಂತ ಅವರ ಮನಸ್ಸಿಗೆ ಹತ್ತೇತಿ. ಒಬ್ಬನ ದೂರ ಹೊಂಟಾನ, ಅಜ್ಜ ಅವನ ಕೊರಳಾಗ ಇರಲಿ ಅಂತ ರೊಟ್ಟಿ ನಡುವ ತಾವ ಕೈಯಾರೆ ಇಟ್ಟು ಗಂಟು ಕಟ್ಯಾರ. ಬುತ್ತಿ ಬಿಚ್ಚಿದೆ ಅಂದಿ, ಕರಡಿಗಿ ಬಗ್ಗೆ ಒಂದು ಮಾತೂ ಆಡಲಿಲ್ಲಲ್ಲ? ಕೊರಳಾಗ ಹಾಕ್ಕೊಂಡು ಒಂದ ಫೋಟೋ ಕಳಸು, ಅವರ ಜೀವಕ್ಕ ಸಮಾಧಾನ ಆಗಲಿ."